ಧ್ವನಿ ಶುಚಿ ಮಾಡುವವನು

ಆ ಪುಟ್ಟ ಸ್ಟುಡಿಯೋದ ಎಡಿಟರ್‌ನದು ಕಡ್ಡಿಯನ್ನು ಗುಡ್ಡ ಮಾಡುವ ಕಿವಿ. ಧ್ವನಿಮುದ್ರಣದಲ್ಲಿ ಯಾರ ಉಸಿರು ಕೇಳಿಸಿದರೂ ಅವನಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತೆ. ಅದನ್ನು ಹೆಕ್ಕಿ ಎಸೆದು, ಮೂಲ ಪ್ರತಿಯನ್ನೂ ಅಳಿಸುವವರೆಗೆ ಸಮಾಧಾನವಿಲ್ಲ. "ಏನಯ್ಯಾ, ಇದು ಸ್ಯಾಕ್ಸೊಫೋನೋ, ಬುಸುಗುಡೋ ಹಾವೋ?" ಎಂದು ಜಾಜ್ ವಾದಕರನ್ನು ರೇಗಿಸುತ್ತಾನೆ. ಅವರ ವಾದನಕ್ಕೆ ನಿಂತಲ್ಲೇ ಕವಿತೆ ಕಟ್ಟಿ ಹೇಳುತ್ತಿದ್ದ ಸ್ವಂತ ಅಕ್ಕನಿಗೂ ವಿನಾಯಿತಿ ಇರಲಿಲ್ಲ. "ಉಸಿರೊಂದಿಷ್ಟು ಇರ್ಲಿ ಕಣೋ, ನಾನೇನು ಮಷೀನಾ?" ಎಂದು ಅವಳು ತಲೆಗೆ ಮೊಟಕುತ್ತಿದ್ದಳು. "ಸುಮ್ನಿರೇ ಅಕ್ಕ, ಮೊಬೈಲಲ್ಲಿ ಕೇಳೋರಿಗೆ ಕ್ಲೀನಾಗಿರ್ಬೇಕು" ಎನ್ನುತ್ತಿದ್ದ. ಅಕ್ಕ ತೀರಿಕೊಂಡು ಮೂರು ತಿಂಗಳಾಯಿತು. ಈಗ ಹೆಡ್‌ಫೋನ್ ಹಾಕಿಕೊಂಡು ಅವಳ ಕವಿತೆಗಳನ್ನು ಒಂದೊಂದಾಗಿ ಕೇಳುತ್ತಾನೆ, ಎಲ್ಲಾದರೂ ಒಂದೇ ಒಂದು ಉಸಿರು ತನ್ನ ಕೈತಪ್ಪಿ ಉಳಿದಿದೆಯೇನೋ ಎಂದು. ಅವನ ಕೆಲಸದಲ್ಲಿ ತಪ್ಪೇ ಇಲ್ಲ.