ಸಂದಿ ಮೇಸ್ತ್ರಿಯ ಮನೆಗಾಡಿ

ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಸಂದಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ತಗಡುಗಳ ನಡುವೆ ಕೂದಲೆಳೆಯಷ್ಟು ಬಿರುಕಿದ್ದರೂ ಅವನ ಕಣ್ಣು ತಪ್ಪಿಸುವಂತಿರಲಿಲ್ಲ. ತಾನು ಕಟ್ಟಿದ ಬಸ್ಸಿನೊಳಗೆ ಧೂಳು ನುಗ್ಗಿತೆಂದರೆ ಅವನಿಗೆ ಮೂಗು ಕುಯ್ದಷ್ಟು ಅವಮಾನ. ಹೆಂಡತಿಗೋ ಧೂಳೆಂದರೆ ಆಗದು, ಕೆಮ್ಮಿ ಕೆಮ್ಮಿ ಸುಸ್ತಾಗುವಳು. ಕೆಲಸ ಬಿಟ್ಟಮೇಲೆ ಇಬ್ಬರೂ ಊರೂರು ಸುತ್ತೋಣವೆಂದು ಹಳೆಯ ವ್ಯಾನೊಂದನ್ನು ಮನೆ ಮಾಡಿದಾಗ, ಮಹಾರಾಯ ಒಂದು ಸಂದಿಯನ್ನೂ ಬಿಡಲಿಲ್ಲ. ಚಾವಣಿಯ ಗಾಳಿಕಿಂಡಿಗೂ ಒಲೆಯ ಪಕ್ಕದ ಜಾಲರಿಗೂ ರಬ್ಬರು ಬಡಿದು ಮುಚ್ಚಿದ.

"ಗಾಳಿ ಎಲ್ಲಿಂದ ಬರುತ್ತೇರೀ?" ಎಂದಳು ಹೆಂಡತಿ.

"ಗಾಳಿ ಬಂದ್ರೆ ಅದರ ಬೆನ್ನಿಗೇ ಧೂಳೂ ಬರುತ್ತೆ. ಜೀವಮಾನ ಎಲ್ಲಾ ಬಾಡಿ ಕಟ್ಟಿದೋನಿಗೆ ಹೇಳ್ಕೊಡೋಕೆ ಬಂದ್ಲು!"

ಹೊರಟಮೇಲೆ ಅವಳ ಕೆಮ್ಮೇನೋ ನಿಂತಿತು, ಆದರೆ ತಲೆನೋವು ಹಿಡಿಯಿತು. ಪ್ರಯಾಣದ ಸುಸ್ತು ಅಂದುಬಿಟ್ಟ. ತನಗೂ ತಲೆ ಭಾರವೆಂದು ಬಾಯಿ ಬಿಟ್ಟರೆ ತಾನೇ!

ಅವತ್ತು ಬೆಳಿಗ್ಗೆ ಪೆಟ್ರೋಲ್ ಬಂಕಿನ ಹಿಂದಿನ ಬಯಲಿನಲ್ಲಿ ಗಾಡಿ ನಿಂತಿತ್ತು. ಚಳಿಯೆಂದು ಅವಳು ಒಳಗೆ ಬಾಗಿಲು ಹಾಕಿಕೊಂಡು ಸ್ನಾನಕ್ಕೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟಿದ್ದಳು. ಮೇಸ್ತ್ರಿ ಹೊರಗೆ ಕಿಟಕಿಯ ಗಾಜು ಒರೆಸುತ್ತಿದ್ದ. ಎಷ್ಟು ತಿಕ್ಕಿದರೂ ಮಬ್ಬು ಹೋಗಲೊಲ್ಲದು. ಆಮೇಲೆ ಹೊಳೆಯಿತು, ಹಬೆ ಕಟ್ಟಿದ್ದು ಒಳಗಡೆ.

"ಲೇ, ಒಳಗಿಂದ ಒಂಚೂರು ಒರೆಸೇ."

ಉತ್ತರವಿಲ್ಲ. ಬಾಗಿಲು ತೆಗೆದ. ಅಯ್ಯಯ್ಯೋ! ಹೆಂಡತಿ ಒಲೆಯ ಬುಡದಲ್ಲಿ ಬಿದ್ದಿದ್ದಳು. ಹೇಗೆ ಒಲೆ ಆರಿಸಿದನೋ, ಹೇಗೆ ಅವಳನ್ನು ಹೊರಗೆಳೆದು ತಂದನೋ, ದೇವರಿಗೇ ಗೊತ್ತು. ಬಂಕಿನವರು ಓಡಿ ಬಂದು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಸಾಗಿಸಿದರು.

ಮಧ್ಯಾಹ್ನದ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಡಾಕ್ಟರಮ್ಮ ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಂಡರು. "ಮುಚ್ಚಿದ ಗಾಡೀಲಿ ಒಲೆ ಉರಿಸಿದ್ರೆ ವಿಷಗಾಳಿ ತುಂಬ್ಕೊಳ್ಳುತ್ತೆ ಕಣ್ರೀ. ಅದಕ್ಕೆ ವಾಸನೇನೂ ಇರಲ್ಲ. ಇಷ್ಟು ದಿನ ಹೇಗೆ ಬದುಕಿದ್ರಿ ನೀವು?"

ಹೆಂಡತಿಯೇ ಮೆಲ್ಲಗೆ ಹೇಳಿದಳು: "ಇವ್ರು ಆಚೆ ಹೋದಾಗ್ಲೆಲ್ಲ ಕಿಟಕಿ ತೆಗೀತಿದ್ದೆ. ಬರೋ ಹೊತ್ತಿಗೆ ಮುಚ್ಚಿಬಿಡ್ತಿದ್ದೆ."

"ಇವತ್ಯಾಕೆ ತೆಗೀಲಿಲ್ಲಮ್ಮ?"

ಅವಳು ಗಂಡನ ಕಡೆ ನೋಡಿದಳು. "ಇವತ್ತು ಇವ್ರು ಕಿಟಕಿ ಹತ್ರಾನೇ ನಿಂತಿದ್ರಲ್ಲ. ಬೇಜಾರು ಮಾಡ್ಕೋತಾರೆ ಅಂತ ಸುಮ್ನಾದೆ."