ಬೀಗರೂಟದ ದಿನ ಪಿಕಪ್ಪಿಗೆ ಅಡ್ಡ ಬಂದ ಮೇಸ್ತ್ರಿ

ಮೇಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಯಾವುದೋ ಕಾಲದಲ್ಲಿ ಜಾಕ್ ಜಾರಿ ಹೋಗಿದ್ದಂತೆ. ಅರಕಲಗೂಡಿನ ಅವರ ಗ್ಯಾರೇಜಿಗೆ ಯಾವ ಗಾಡಿ ಬಂದರೂ ಮೊದಲು ಸೀಟಿಗೆ ಹತ್ತಿ, ಕಣ್ಣು ಮುಚ್ಚಿ, ಸ್ಟೇರಿಂಗನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಪೂರ್ತಿ ತಿರುಗಿಸುತ್ತಿದ್ದರು. ಆಗ ಯಾರಾದರೂ ಬಾಯಿಬಿಟ್ಟರೆ ಮುಗೀತು. "ಸುಮ್ಕಿರ್ಲಾ, ಗಾಡಿ ಏನೋ ಯೋಳ್ತಾ ಐತೆ" ಅಂತ ಗದರುವರು.

ನನಗೆ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಡಿಸಿದ್ದೂ ಅವರೇ, ಚನ್ನರಾಯಪಟ್ಟಣದ ಒಬ್ಬರಿಂದ. "ಮೊದ್ಲು ಆರ್‌ಸಿ ನಿನ್ನೆಸ್ರಿಗೆ ಮಾಡಿಸ್ಕೊಳ್ಳೋ" ಎಂದು ಸಿಕ್ಕಾಗಲೆಲ್ಲ ಬಯ್ಯುತ್ತಿದ್ದರು. ಗೊತ್ತಿದ್ದವರ ಗಾಡಿ, ಅವಸರವೇನು ಅಂತ ಒಂದೂವರೆ ವರ್ಷ ತಳ್ಳಿದೆ. ಸೋಮಾರಿತನ, ಇನ್ನೇನು.

ತಮ್ಮನ ಬೀಗರೂಟದ ಹಿಂದಿನ ದಿನ ಸ್ಟೇರಿಂಗ್ ಎರಡು ಸಲ ಇದ್ದಕ್ಕಿದ್ದಂತೆ ಗಟ್ಟಿಯಾಯಿತು. ಮೇಸ್ತ್ರಿ ವೈರು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದರು. ಸರಿಹೋಯಿತು. ಮಾರನೇ ಬೆಳಿಗ್ಗೆ ರಾಮನಾಥಪುರದ ಪಕ್ಕದ ನಮ್ಮೂರಿಂದ ಗೊರೂರಿಗೆ ಹೊರಡಲು ಹೆಂಗಸರು ಮಕ್ಕಳೆಲ್ಲ ಹಿಂದೆ ಹತ್ತಿ ಕೂತಿದ್ದರು. ನನ್ನ ಮಗಳು ಅಜ್ಜಿಯ ತೊಡೆ ಮೇಲಿದ್ದಳು. ಆಗ ಮೇಸ್ತ್ರಿ ಮೊಪೆಡ್‌ನಲ್ಲಿ ಬಂದವರೇ ಗಾಡಿಗೆ ಅಡ್ಡ ನಿಲ್ಲಿಸಿದರು.

"ಎಲ್ರೂ ಇಳೀರವ್ವಾ! ಕಂಪ್ನಿಯೋರು ಈ ಗಾಡಿಗಳ್ನೆಲ್ಲ ವಾಪಸ್ ಕರೀತಾವ್ರೆ. ಪವರ್ ಸ್ಟೇರಿಂಗ್ ಮೋಟ್ರು ಓಡ್ತಾ ಓಡ್ತಾನೇ ಕೈ ಕೊಡ್ತದಂತೆ. ಮೆಸೇಜು ಹಳೇ ಓನರ್‌ಗೆ ಓಗೈತೆ, ಅವ್ರು ಈಗ ನಂಗೆ ಫೋನ್ ಮಾಡುದ್ರು. ನೀನು ಫೋನೇ ಎತ್ತಲ್ವಲ್ಲೋ!"

ನನಗೆ ರೇಗಿತು. "ನೆನ್ನೆ ಸರಿ ಐತೆ ಅಂದೋರು ನೀವೇ. ಒಳ್ಳೆ ಕೆಲ್ಸಕ್ಕೆ ಒಂಟಾಗ ಅಡ್ಡ ಬತ್ತೀರಲ್ಲ, ನಿಮ್ಗೇನ್ ಬಂದೈತೆ ಕೇಡು?" ಎಂದು ಎಲ್ಲರೆದುರೇ ಅಂದುಬಿಟ್ಟೆ. ಅವರು ಎಲ್ಲರನ್ನೂ ಇಳಿಸಿ, "ಬಾ, ನೀನೇ ನೋಡು" ಎಂದು ನನ್ನನ್ನು ಪಕ್ಕ ಕೂರಿಸಿಕೊಂಡು ನಿಧಾನಕ್ಕೆ ಓಡಿಸಿದರು.

ಕಾಲುವೆ ಏರಿಯ ತಿರುವಿನಲ್ಲಿ ಟಕ್ ಅಂತ ಸದ್ದಾಯಿತು. ಸ್ಟೇರಿಂಗ್ ಕಲ್ಲಾಯಿತು. ಮೇಸ್ತ್ರಿ ಎರಡೂ ಕೈಯಲ್ಲಿ ಜಗ್ಗಿದರೂ ಗಾಡಿ ಸಾಕಷ್ಟು ತಿರುಗಲಿಲ್ಲ. ಬ್ರೇಕ್ ತುಳಿದೇ ತುಳಿದರು. ಮುಂದಿನ ಚಕ್ರ ಏರಿಯ ಅಂಚಿಗೆ ಹೋಗಿ ನಿಂತಿತು. ಕೆಳಗೆ ನೀರು ತುಂಬಿ ಹರಿಯುತ್ತಿತ್ತು. ಅಯ್ಯೋ ದೇವರೇ, ನನ್ನ ಕೈಗೆ ಬಾಗಿಲ ಹಿಡಿಯೇ ಸಿಗಲಿಲ್ಲ. ಅಷ್ಟು ಜನರನ್ನು ತುಂಬಿಕೊಂಡು ನಾನು ಓಡಿಸುವ ವೇಗದಲ್ಲಿ ಬಂದಿದ್ದರೆ ಎಲ್ಲರೂ ಆ ನೀರಿನಲ್ಲಿರುತ್ತಿದ್ದೆವು. ಇವತ್ತಿಗೂ ಆ ತಿರುವಿನಲ್ಲಿ ಗಾಡಿ ನಿಧಾನ ಮಾಡುತ್ತೇನೆ.

"ಆಸನಕ್ಕೆ ಎಳೆಸ್ಕೊಂಡೋಗು, ಕಂಪ್ನಿಯೋರೇ ಮಾಡ್ಕೊಡ್ತಾರೆ" ಎಂದಷ್ಟೇ ಹೇಳಿ ಮೇಸ್ತ್ರಿ ಇಳಿದು ನಡೆದರು.

ಹಾಸನದಲ್ಲಿ ಮೋಟ್ರು ಬದಲಾಯಿಸಿಕೊಟ್ಟರು. ನಾನು ಮಾತ್ರ ಆಡಿದ ಮಾತಿನ ನಾಚಿಕೆಗೆ ಗ್ಯಾರೇಜಿನ ಕಡೆ ತಲೆಹಾಕಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಅಂತ ದಿನ ದೂಡಿದೆ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋದೆ. ಅವರ ಹೆಂಡತಿ ನನ್ನ ಗುರುತು ಹಿಡಿದು ಕೈ ಹಿಡಿದುಕೊಂಡರು.

"ಒಂದ್ಸಲನಾರ ಬರ್ಬಾರ್ದಿತ್ತೇನಪ್ಪಾ? 'ಸರಿಯಾಗಿ ನೋಡ್ದೆ ಗಾಡಿ ಕೊಟ್ಟು ಅವ್ನ ಮಕ್ಳುಮರೀನೆಲ್ಲ ಕಾಲ್ವೆಗೆ ಆಕ್ಬುಡ್ತಿದ್ದೆ ಕಣೆ, ಆ ಸಿಟ್ಗೇ ಅವ್ನು ಈ ಕಡೀಕೆ ಬರಾಕಿಲ್ಲ' ಅಂತ ಕೊನೇಗಂಟ ಕೊರಗುದ್ರು."