ಕೂಗದೆ ಬತ್ತಿ ಹಚ್ಚದವನು

ಮೊನ್ನೆ ಪಕ್ಕದ ಮನೆಯ ಮದುವೆಯಲ್ಲಿ ಪಟಾಕಿ ಹಾರಿಸಿದರು. ಸುಟ್ಟ ಮದ್ದಿನ ವಾಸನೆ ಅಂಗಳಕ್ಕೆ ಬಂತು. ಅದರ ಹಿಂದೆಯೇ ಚಾಚಾ ನೆನಪಾದ...

ಶಹಾಬಾದದ ಖಣಿಯಲ್ಲಿ ನಾನು ಕಲ್ಲು ಹೊರುತ್ತಿದ್ದೆ, ನನ್ನ ತಮ್ಮ ಕಲ್ಲು ಒಡೆಯುತ್ತಿದ್ದ. ಬಂಡೆಗೆ ಮದ್ದು ತುಂಬಿ ಹಾರಿಸುವವನು ನಮ್ಮ ಗೋಡೆಯಾಚೆಯ ಚಾಚಾ. ಬತ್ತಿ ಹಚ್ಚುವ ಮೊದಲು ನಾಲ್ಕೂ ದಿಕ್ಕಿಗೆ ಕೂಗುತ್ತಿದ್ದ. ಎಲ್ಲರೂ ದೂರ ಸರಿದು 'ಓ' ಅನ್ನಬೇಕು. ಒಬ್ಬರ ದನಿ ಬರದಿದ್ದರೂ ಕಡ್ಡಿ ಗೀರುತ್ತಿರಲಿಲ್ಲ.

ಒಂದು ಬೇಸಿಗೆ ನನ್ನ ತಮ್ಮ, ನಮ್ಮಿಂದ ಕೆಲಸ ಮಾಡಿಸುವ ಮುಕಾದಮನ ಕೊಡದ ನೀರು ಕುಡಿದ. ಮುಕಾದಮ ಕುಲ ತೆಗೆದು ಬೈದು, ಎಲ್ಲರೆದುರು ಕೆರದಿಂದ ಹೊಡೆದು, ಕೆಲಸ ಬಿಡಿಸಿದ. ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಎಲ್ಲಿಂದಲೋ ಬಂದ ಇಬ್ಬರು ತಮ್ಮನನ್ನು ಹೋಟೆಲಿನಲ್ಲಿ ಕೂರಿಸಿ ಚಹಾ ಕುಡಿಸತೊಡಗಿದರು. ಅವನ ಸಂಕಟ ಕೇಳಿದವರು ಅವರಿಬ್ಬರೇ. ಅದಕ್ಕೇ ಸೇಡು ತೀರಿಸಿಕೋ ಎಂಬ ಅವರ ಮಾತು ಅವನಿಗೆ ನಾಟಿತು.

ಒಂದು ಮುಂಜಾನೆ ನಾನು ರೊಟ್ಟಿ ಬಡಿಯುವಾಗ ತಮ್ಮ ಗೋಡೆಯ ಹತ್ತಿರ ನಿಂತು ಚಾಚಾನಿಗೆ ಮದ್ದು ಕೇಳಿದ. ಮುಕಾದಮನ ಮನೆಗೆ ಇಡಲಿಕ್ಕೆ. ನನ್ನ ಕೈ ಹಿಟ್ಟಿನಲ್ಲೇ ನಿಂತಿತು.

"ಕೊಡ್ತೀನಿ," ಅಂದ ಚಾಚಾ. "ಮೊದಲ ಆ ಮನಿ ಮುಂದ ನಿಂತು ಕೂಗು. ಎಲ್ಲಾರೂ ಹೊರಗ ಬರ್ಲಿ."

"ಕೂಗಿದ್ರ ಓಡಿ ಹೋಗ್ತಾರಲ್ಲ ಚಾಚಾ?"

"ಹಂಗಾದ್ರ ನಿನಗ ಮನಿ ಬ್ಯಾಡ, ಮಂದಿ ಬೇಕು. ಅವನ ಹೇಣ್ತಿ, ಕೂಸು ನಿನಗ ಹೊಡದಾರೇನು? ಆ ಚಹಾ ಕುಡಿಸಿದವರು ಬರ್ತಾರೇನಪಾ ನಿನ್ನ ಸಂಗಡ?"

"ನೀವೂ ಅವತ್ತ ಸುಮ್ಮನ ನಿಂತಿದ್ರಿ," ಅಂದ ತಮ್ಮ.

ಚಾಚಾ ಗೋಡೆಯ ಮೇಲಿಂದ ಅವನ ಹೆಗಲಿಗೆ ಕೈ ಹಾಕಿದ. "ಖರೇ ಅದ ಬೇಟಾ. ಇವತ್ತ ಸುಮ್ಮನ ನಿಂದ್ರಂಗಿಲ್ಲ."

ಅವತ್ತು ಖಣಿಯಲ್ಲಿ ಮದ್ದು ತುಂಬಿ ಕೂಗಿದ. ನಾವೆಲ್ಲ 'ಓ' ಅಂದೆವು. ಅವನು ಬೆಂಕಿಪೆಟ್ಟಿಗೆ ಕಿಸೆಗೆ ಹಾಕಿ ಕುಂತ. "ಒಂದು ದನಿ ಕಡಿಮಿ ಅದ," ಅಂದ.

"ಅವನು ಮನ್ಯಾಗ ಬಿದ್ದಾನ, ಹಚ್ಚೋ ಮುದುಕಾ," ಅಂದ ಮುಕಾದಮ.

"ಹಂಗಾದ್ರ ಕರಕೊಂಡು ಬರ್ರಿ."

ನಾವೂ ಬುಟ್ಟಿ ಕೆಳಗಿಟ್ಟೆವು. ಖಣಿ ನಿಂತಿತು. ಕೊನೆಗೆ ಮುಕಾದಮನೇ ನಮ್ಮ ಬಾಗಿಲಿಗೆ ಬಂದು, ಓಣಿಯೆಲ್ಲ ಕೇಳುವಂತೆ ತಪ್ಪಾಯಿತು ಅಂದ. ಹೊಟ್ಟೆಯಿಂದ ಅಂದನೋ ಬಾಯಿಂದ ಅಂದನೋ, ನನಗೇನು? ನೀರಿನ ಕೊಡ ಎಲ್ಲರದಾಯಿತು. ತಮ್ಮ ಮತ್ತೆ ಸುತ್ತಿಗೆ ಹಿಡಿದ. ಆ ಇಬ್ಬರ ಚಹಾ ಕುಡಿಯಲಿಕ್ಕೆ ಹೋಗಲಿಲ್ಲ.

ಈಗ ಟಿ.ವಿ.ಯಲ್ಲಿ ಯಾವ ಯಾವ ದೇಶದಲ್ಲೋ ಬಾಂಬು ಹಾರಿದ ಸುದ್ದಿ ಬರುತ್ತದೆ. ದೇಶದ ಮಾತು ನನಗೆ ತಿಳಿಯದು. ಒಬ್ಬನನ್ನು ನಾವು ಆ ದಾರಿಗೆ ಹೋಗಗೊಡಲಿಲ್ಲ, ಅದು ಗೊತ್ತು.

ಚಾಚಾ ಎದೆಗೆ ಕಲ್ಲಿನ ಧೂಳು ಹತ್ತಿ ಸತ್ತ. ಅಂಥವನು ಮತ್ತೆ ಸಿಗಲಿಲ್ಲ... ಅವನ ಗೋರಿಯ ಹಾಸುಗಲ್ಲು ನನ್ನ ತಮ್ಮ ಒಡೆದದ್ದು. ಯಾರಿಗೂ ಕೈ ಹಚ್ಚಗೊಡದೆ ಒಬ್ಬನೇ ಹೊತ್ತು ತಂದು ಹಾಸಿದ.